ನೋಯದ ಚರ್ಮ

ಭಾನುವಾರ ಬೆಳಿಗ್ಗೆ ತಂಗಿಯ ಮನೆಗೆ ಹೋದಾಗ ಊಟದ ಮೇಜಿನ ಮೇಲೆ ಒಂದು ತುಂಡು ಚರ್ಮ ಹರಡಿಕೊಂಡಿತ್ತು. ಪುಸ್ತಕದ ಹಾಳೆಯಷ್ಟು ಅಗಲ, ಸೆಟ್ ದೋಸೆಯಷ್ಟು ಮೆತ್ತಗೆ, ತಿಳಿ ಗುಲಾಬಿ ಬಣ್ಣ. ಅದರ ಮೇಲೆ ಸಾಲಾಗಿ ಹದಿನಾಲ್ಕು ಹುಬ್ಬು. ಕಣ್ಣಿಲ್ಲ, ಮೂಗಿಲ್ಲ, ಹಣೆಯಿಲ್ಲ, ಬರೀ ಹುಬ್ಬು. ತಂಗಿಯ ಮಗಳು ಬಾಗಿ ಕೂತು ಹದಿನೈದನೆಯದಕ್ಕೆ ಸೂಜಿ ಇಟ್ಟಿದ್ದಳು.

"ಮುಟ್ಟಿ ನೋಡಿ ಮಾವ, ಏನೂ ಆಗಲ್ಲ. ಇದಕ್ಕೆ ನೋವಾಗಲ್ಲ," ಎಂದಳು.

ಮುಟ್ಟಿದೆ. ತಣ್ಣಗಿತ್ತು, ಬೆರಳಿಗೆ ತುಸು ಅಂಟಿತು. ಮಡಚಿದರೆ ಮಡಚಿಕೊಂಡಿತು, ಬಿಟ್ಟೊಡನೆ ನೆಟ್ಟಗಾಯಿತು. ಚರ್ಮವೆಂದು ಒಪ್ಪಲು ಬೆರಳಿಗೆ ಮನಸ್ಸಿಲ್ಲ, ಅಲ್ಲವೆನ್ನಲು ಕಣ್ಣಿಗೆ ಧೈರ್ಯವಿಲ್ಲ.

ಆಕೆ ಕಲಿಯುತ್ತಿರುವುದು ಪರ್ಮನೆಂಟ್ ಮೇಕಪ್ಪು. ತೆಳುವಾದ ಹುಬ್ಬನ್ನು ತುಂಬುವುದು, ತುಟಿಗೆ ಬಣ್ಣ ಕೂರಿಸುವುದು, ರೆಪ್ಪೆಯಂಚಿಗೆ ಕಾಡಿಗೆಯ ಗೆರೆ ಎಳೆಯುವುದು, ಎಲ್ಲವೂ ಸೂಜಿಯಿಂದ. ಹೆಸರು ಹೊಸದು, ಕೆಲಸ ಹಚ್ಚೆಯದೇ. ಇದು ಬರೀ ಶೋಕಿಯ ವಿದ್ಯೆ ಅಂದುಕೊಳ್ಳಬೇಡಿ. ಸ್ತನ ಕ್ಯಾನ್ಸರಿನ ಶಸ್ತ್ರಕ್ರಿಯೆಯ ನಂತರ ಮರುರೂಪಿಸಿದ ಸ್ತನದ ಮೇಲೆ ತೊಟ್ಟಿನ ಚಿತ್ರ ಬಿಡಿಸುವುದೂ, ಹರಡುವುದು ನಿಂತ ತೊನ್ನಿನ ಕಲೆಗೆ ಮೈಬಣ್ಣ ತುಂಬುವುದೂ ಇದೇ ಸೂಜಿ. ಕೈ ತಪ್ಪಿದರೆ ಅಳಿಸಲು ರಬ್ಬರು ಬರುವುದಿಲ್ಲ. ಹಾಗಾಗಿ ಮೊದಲ ಪಾಠ ರಬ್ಬರಿನ ಮೇಲೆಯೇ. ಈ ಹಾಳೆಗೆ ಕಲಿಯುವವರು ಇಟ್ಟುಕೊಂಡ ಹೆಸರು ಪ್ರಾಕ್ಟೀಸ್ ಸ್ಕಿನ್.

ಕುಂಬಳಕಾಯಿಯಿಂದ ಸಿಲಿಕೋನಿಗೆ

ಮನುಷ್ಯನ ಮೈಮೇಲೆ ಕೈ ಮಾಡುವ ಮೊದಲು ಬೇರೊಂದರ ಮೇಲೆ ಕೈ ಪಳಗಿಸಬೇಕೆಂಬ ಮಾತು ನಮ್ಮಲ್ಲಿ ಬಹಳ ಹಳೆಯದು. ಸುಶ್ರುತ ಸಂಹಿತೆಯ ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯದ ವಿಷಯವೇ ಇದು. ಕೊಯ್ಯುವುದನ್ನು ಕುಂಬಳಕಾಯಿ, ಸೋರೆಕಾಯಿ, ಸೌತೆಕಾಯಿಗಳ ಮೇಲೆ ಕಲಿಯಬೇಕು. ಸೀಳುವುದನ್ನು ನೀರು, ಕೆಸರು ತುಂಬಿದ ಚರ್ಮದ ಚೀಲದ ಮೇಲೆ. ಹೆರೆಯುವುದನ್ನು ಕೂದಲಿರುವ, ಬಿಗಿಯಾಗಿ ಹರಡಿದ ತೊಗಲಿನ ಮೇಲೆ. ರಕ್ತನಾಳಕ್ಕೆ ಚುಚ್ಚುವುದನ್ನು ಸತ್ತ ಪ್ರಾಣಿಯ ನಾಳ ಮತ್ತು ನೈದಿಲೆಯ ದಂಟಿನ ಮೇಲೆ. ಹೊಲಿಯುವುದನ್ನು ಬಟ್ಟೆ ಮತ್ತು ಮೆದು ಚರ್ಮದ ಅಂಚುಗಳ ಮೇಲೆ.

ಈ ಪಟ್ಟಿಯಲ್ಲಿ ಒಂದು ಜಾಣ್ಮೆ ಅಡಗಿದೆ. ಇಡೀ ದೇಹವನ್ನು ಹೋಲುವ ಒಂದೇ ವಸ್ತುವನ್ನು ಅದು ಹುಡುಕಲು ಹೋಗುವುದಿಲ್ಲ. ಯಾವ ಕೆಲಸಕ್ಕೆ ದೇಹದ ಯಾವ ಗುಣ ಮುಖ್ಯವೋ ಆ ಒಂದು ಗುಣವಿರುವ ವಸ್ತುವನ್ನು ಆರಿಸುತ್ತದೆ. ಸೌತೆಕಾಯಿಗೆ ರಕ್ತವಿಲ್ಲ, ಆದರೆ ಗಟ್ಟಿ ಸಿಪ್ಪೆಯ ಕೆಳಗೆ ಮೆದು ತಿರುಳಿದೆ. ನೈದಿಲೆಯ ದಂಟಿಗೆ ನಾಡಿ ಇಲ್ಲ, ಆದರೆ ಅದು ಟೊಳ್ಳು.

ಹಚ್ಚೆ ಕಲಿಯುವವರೂ ಇದೇ ದಾರಿ ಹಿಡಿದರು. ಕಿತ್ತಳೆ ಹಣ್ಣು ಅವರ ಹಳೆಯ ಪಾಠದ ಹಲಗೆ. ಗುಂಡಗಿದೆ, ಸಿಪ್ಪೆಯ ಮೇಲೆ ರಂಧ್ರಗಳ ಉಬ್ಬುತಗ್ಗಿದೆ, ಸೂಜಿ ಆಳ ಹೋದರೆ ರಸ ಜಿನುಗಿ ಚಾಡಿ ಹೇಳುತ್ತದೆ. ಬಾಳೆಹಣ್ಣು ಇನ್ನೂ ನಾಜೂಕು. ಅದರ ಮೇಲೆ ಕೈಭಾರ ಹಾಕಿದವರು ಸಂಜೆಯೊಳಗೆ ಕಪ್ಪು ಕಲೆ ನೋಡಬೇಕು. ಹಂದಿಯ ಚರ್ಮ ಮನುಷ್ಯನದಕ್ಕೆ ರಚನೆಯಲ್ಲಿ ತುಂಬ ಹತ್ತಿರ. ವಿಜ್ಞಾನಿಗಳೂ ಅದನ್ನು ನೆಚ್ಚಿದ್ದುಂಟು. ಪೆಸಿಫಿಕ್ಕಿನ ಸಾಲೊಮನ್ ದ್ವೀಪಗಳ ನಂಗು ಎಂಬಲ್ಲಿ ಸುಮಾರು 3000 ವರ್ಷ ಹಿಂದಿನ ಜ್ವಾಲಾಮುಖಿ ಗಾಜಿನ ಚೂಪು ಚೂರುಗಳು ಸಿಕ್ಕಿದ್ದವು. ಇವು ಹಚ್ಚೆಯ ಉಪಕರಣಗಳೇ ಎಂದು ತಿಳಿಯಲು ವಿಜ್ಞಾನಿಗಳು ಅಂಥವೇ ಚೂರುಗಳನ್ನು ಮಾಡಿ, ಇದ್ದಿಲು ಮತ್ತು ಕೆಂಪು ಮಣ್ಣಿನ ಬಣ್ಣ ಅದ್ದಿ, ಹಂದಿಯ ಚರ್ಮಕ್ಕೆ ಚುಚ್ಚಿ ನೋಡಿದರು. ಹಳೆಯ ಚೂರುಗಳ ಅಂಚಿನ ಸವೆತಕ್ಕೂ ಹೊಸದರ ಸವೆತಕ್ಕೂ ಸೂಕ್ಷ್ಮದರ್ಶಕದಡಿ ಹೊಂದಿಕೆ ಕಂಡಿತು. ಆ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಆದರೆ ಹಂದಿಯ ಚರ್ಮ ಫ್ರಿಜ್ಜಿನಲ್ಲಿ ಇರಬೇಕು, ನಾರುತ್ತದೆ, ಎಲ್ಲರ ಮನೆಯ ಊಟದ ಮೇಜಿಗೂ ಒಗ್ಗುವುದಿಲ್ಲ.

ಅಲ್ಲಿಗೆ ಬಂದದ್ದು ಸಿಲಿಕೋನ್. ಸಿಲಿಕಾನ್ ಮತ್ತು ಆಮ್ಲಜನಕದ ಪರಮಾಣುಗಳು ಒಂದಾದ ಮೇಲೊಂದು ಪೋಣಿಸಿಕೊಂಡ ಉದ್ದ ಸರಗಳು ಇದರ ಬೆನ್ನೆಲುಬು. ಎರಡು ದ್ರವಗಳನ್ನು ಬೆರೆಸಿ, ಮೈಬಣ್ಣ ಸೇರಿಸಿ, ಚಪ್ಪಟೆ ಅಚ್ಚಿಗೆ ಹೊಯ್ದರೆ ಸರಗಳ ನಡುವೆ ಅಲ್ಲಲ್ಲಿ ಗಂಟು ಬಿದ್ದು ದ್ರವ ರಬ್ಬರಾಗುತ್ತದೆ. ಗಂಟು ಹೆಚ್ಚಾದರೆ ಹಾಳೆ ಗಡಸು, ಕಡಿಮೆಯಾದರೆ ಮೆದು. ಸಾಮಾನ್ಯವಾಗಿ ಎರಡು ಮೂರು ಮಿಲಿಮೀಟರ್ ದಪ್ಪ. ಕೊಳೆಯುವುದಿಲ್ಲ, ನಾರುವುದಿಲ್ಲ. ಬಾಟಲಿಗೆ ಸುತ್ತಿದರೆ ತೋಳು, ಮೇಜಿಗೆ ಹರಡಿದರೆ ಬೆನ್ನು.

ಒಂದು ಹಾಳೆಯ ದಪ್ಪದ ಲೆಕ್ಕ

ಕಲಿಯುವವಳು ಮೊದಲು ಕಲಿಯಬೇಕಾದದ್ದು ಆಳ. ನಮ್ಮ ಹೊರಚರ್ಮದ ದಪ್ಪ ಮೈಯ ಬಹುಭಾಗದಲ್ಲಿ ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲು. ಯಾವುದಾದರೂ ಪುಸ್ತಕದ ಒಂದು ಹಾಳೆಯನ್ನು ಬೆರಳಲ್ಲಿ ಹಿಡಿದು ನೋಡಿ, ಹೆಚ್ಚುಕಡಿಮೆ ಅಷ್ಟೇ. ಕಣ್ಣುರೆಪ್ಪೆಯಲ್ಲಿ ಅದರ ಅರ್ಧ, ಅಂಗಾಲಿನಲ್ಲಿ ಅದರ ಹದಿನೈದು ಪಟ್ಟು. ಈ ಪದರ ತಾನೇ ಬೆಳೆದು, ತಾನೇ ಮೇಲಕ್ಕೆ ಸರಿದು, ತಾನೇ ಉದುರುತ್ತದೆ. ಸುಮಾರು ನಾಲ್ಕರಿಂದ ಆರು ವಾರದಲ್ಲಿ ಹಳೆಯದೆಲ್ಲ ಹೋಗಿ ಹೊಸದು ಬಂದಿರುತ್ತದೆ. ಬಣ್ಣವನ್ನು ಇಲ್ಲಿ ಇಟ್ಟರೆ ಗೋರಂಟಿಯಂತೆ ಮಾಸಿಹೋಗುತ್ತದೆ.

ಅದರ ಕೆಳಗೆ ಒಳಚರ್ಮ. ದಪ್ಪ ಒಂದರಿಂದ ನಾಲ್ಕು ಮಿಲಿಮೀಟರ್, ರೆಪ್ಪೆಯಲ್ಲಿ ಇನ್ನೂ ಕಡಿಮೆ. ಬಣ್ಣ ನಿಲ್ಲುವುದು ಇಲ್ಲಿ. ಅದರ ಕೆಳಗೆ ಕೊಬ್ಬು. ಬಣ್ಣ ಅಲ್ಲಿಗೆ ಇಳಿದರೆ ಬ್ಲಾಟಿಂಗ್ ಕಾಗದದ ಮೇಲೆ ಬಿದ್ದ ಶಾಯಿಯಂತೆ ಹರಡಿ, ಗೆರೆಯ ಸುತ್ತ ನೀಲಿ ನೆರಳು ಮೂಡುತ್ತದೆ. ಟ್ಯಾಟೂ ಹಾಕುವವರು ಇದನ್ನು ಬ್ಲೋಔಟ್ ಅನ್ನುತ್ತಾರೆ. ಮಾಸಿಹೋಗುವುದಕ್ಕೂ ಹರಡಿಹೋಗುವುದಕ್ಕೂ ನಡುವೆ ಇರುವ ಜಾಗ ಒಂದೆರಡು ಮಿಲಿಮೀಟರ್. ಹುಬ್ಬಿನ ಕೆಲಸದಲ್ಲಿ ಅಷ್ಟೂ ಇಲ್ಲ. ಕೈ ಈ ಕಿರುಜಾಗದಲ್ಲಿ ಸೆಕೆಂಡಿಗೆ ನೂರರ ಆಸುಪಾಸು ಸಲ ಏರಿಳಿಯುವ ಸೂಜಿಯನ್ನು ಹಿಡಿದು ನಡೆಸಬೇಕು.

ಆ ಯಂತ್ರದ ಹುಟ್ಟೂ ಸ್ವಾರಸ್ಯವೇ. 1876ರಲ್ಲಿ ಎಡಿಸನ್ ಒಂದು ವಿದ್ಯುತ್ ಲೇಖನಿಗೆ ಪೇಟೆಂಟ್ ಪಡೆದ. ಅದು ಬರೆಯುತ್ತಿರಲಿಲ್ಲ, ಕಾಗದಕ್ಕೆ ತೂತು ಕೊರೆಯುತ್ತಿತ್ತು. ಆ ತೂತುಗಳ ಮೂಲಕ ಶಾಯಿ ಹಾಯಿಸಿ ಪ್ರತಿಗಳನ್ನು ತೆಗೆಯುತ್ತಿದ್ದರು. 1891ರಲ್ಲಿ ನ್ಯೂಯಾರ್ಕಿನ ಸ್ಯಾಮುಯೆಲ್ ಓರೈಲಿ ಅದೇ ತತ್ವದ ಹಚ್ಚೆ ಯಂತ್ರಕ್ಕೆ ಪೇಟೆಂಟ್ ಪಡೆದ. ಹಾಳೆಯಿಂದ ಚರ್ಮಕ್ಕೆ ಹೋದ ಸೂಜಿ ಈಗ ನಮ್ಮ ಮೇಜಿನ ಮೇಲೆ ಮತ್ತೆ ಹಾಳೆಗೇ ಬಂದಿದೆ.

ಈ ಸೂಜಿ ಇಂಜೆಕ್ಷನ್ನಿನದರಂತೆ ಟೊಳ್ಳಲ್ಲ. ಸುಮಾರು 0.30 ಮಿಲಿಮೀಟರ್ ದಪ್ಪದ ಗಟ್ಟಿ ಕಡ್ಡಿಗಳ ಕಟ್ಟು. ಕಡ್ಡಿಗಳ ಸಂದಿನಲ್ಲಿ ಬಣ್ಣ, ದೀಪದ ಬತ್ತಿ ಎಣ್ಣೆ ಹಿಡಿದಂತೆ ನಿಂತಿರುತ್ತದೆ. ಸೂಜಿ ಬಣ್ಣವನ್ನು ಒಳಕ್ಕೆ ತಳ್ಳುತ್ತದೆಂದು ನಾನು ತಿಳಿದಿದ್ದೆ. ಆದರೆ ನಡೆಯುವುದು ಅಷ್ಟೇ ಅಲ್ಲ. ಸೂಜಿ ಇಳಿದಾಗ ಒಂದು ಕುಳಿಯಾಗುತ್ತದೆ. ಅದು ಹಿಂದಕ್ಕೆ ಬರುವಾಗ ಖಾಲಿಯಾದ ಆ ಜಾಗ ಮೇಲಿನ ಬಣ್ಣವನ್ನು ತನ್ನೊಳಕ್ಕೆ ಎಳೆದುಕೊಳ್ಳುತ್ತದೆ. ಬಣ್ಣ ತುಂಬುವುದರಲ್ಲಿ ಚುಚ್ಚುವುದಕ್ಕಿಂತ ಹೊರಬರುವುದರ ಪಾಲೂ ಕಡಿಮೆಯದಲ್ಲ.

"ಆಳ ಸರಿ ಬಂತೋ ಇಲ್ಲವೋ ಹೇಗೆ ಗೊತ್ತಾಗುತ್ತೆ?" ಎಂದೆ.

ಆಕೆ ಹಾಳೆಯನ್ನು ಮಗುಚಿದಳು. ಮೂರನೆಯ ಹುಬ್ಬಿನ ಬೆನ್ನಿನಲ್ಲಿ ಕಪ್ಪು ಚುಕ್ಕಿಗಳು ಮೂಡಿದ್ದವು. ಸೂಜಿ ಆರಪಾರಾಗಿ ಹೋಗಿತ್ತು. ಆಮೇಲೆ ಬ್ಲೇಡು ತೆಗೆದುಕೊಂಡು ಹನ್ನೆರಡನೆಯ ಹುಬ್ಬನ್ನು ಅಡ್ಡಕ್ಕೆ ಕೊಯ್ದು, ಕೊಯ್ದ ಅಂಚನ್ನು ಭೂತಗನ್ನಡಿಯಡಿ ಹಿಡಿದಳು. ಗುಲಾಬಿ ಅಂಚಿನ ಮೇಲ್ತುದಿಯಿಂದ ಕರಿ ಹಲ್ಲುಗಳು ಕೆಳಕ್ಕೆ ಇಳಿಬಿದ್ದಿದ್ದವು, ಬಾಚಣಿಗೆಯನ್ನು ತಲೆಕೆಳಗಾಗಿ ಹಿಡಿದ ಹಾಗೆ. ಹೆಚ್ಚಿನವು ಒಂದೇ ಉದ್ದ. ನಡುವೆ ಎರಡು ಗಿಡ್ಡ, ಬಾಲದ ಕಡೆ ಒಂದು ಉದ್ದ.

"ಇಲ್ಲಿ ಕೈ ಓರೆಯಾಯ್ತು," ಎಂದು ಆ ಉದ್ದ ಹಲ್ಲನ್ನು ತೋರಿಸಿದಳು.

ತನ್ನ ಕೈಬರಹವನ್ನು ಹೀಗೆ ಪಕ್ಕದಿಂದ ಓದುವ ಭಾಗ್ಯ ಯಾವ ಬರಹಗಾರನಿಗಿದೆ? ಜೀವಂತ ಹುಬ್ಬನ್ನು ಕೊಯ್ದು ನೋಡಲಾಗುವುದಿಲ್ಲ. ಹಾಳೆಯ ಮೊದಲ ದೊಡ್ಡ ಉಪಕಾರ ಇದು.

ಎಡಗೈಯ ವಿದ್ಯೆ

ಈಗ ನಿಮ್ಮ ಎಡ ಮುಂಗೈಯ ಚರ್ಮವನ್ನು ಬಲಗೈ ಬೆರಳಿನಿಂದ ಒಂದು ಪಕ್ಕಕ್ಕೆ ಸರಿಸಿ. ಮೊದಲು ಸಲೀಸಾಗಿ ಬರುತ್ತದೆ. ಒಂದು ಹಂತದಲ್ಲಿ ತಟ್ಟನೆ ಬಿಗಿದು, ಇನ್ನು ಬರಲಾರೆ ಅನ್ನುತ್ತದೆ. ಸಿಲಿಕೋನ್ ಹಾಳೆಯನ್ನು ಎಳೆದರೆ ಹೀಗಾಗುವುದಿಲ್ಲ. ಎಳೆದಷ್ಟೂ ಅದು ಒಂದೇ ಸಮನೆ, ಸ್ವಲ್ಪಸ್ವಲ್ಪವೇ ಬಿಗಿಯುತ್ತ ಹೋಗುತ್ತದೆ.

ಒಳಚರ್ಮದ ಒಣತೂಕದಲ್ಲಿ ಮುಕ್ಕಾಲು ಪಾಲಿನಷ್ಟು ಕೊಲಾಜನ್ ಎಂಬ ಪ್ರೋಟೀನಿನ ನಾರು. ಸುಮ್ಮನಿದ್ದಾಗ ಈ ನಾರುಗಳು ಬಿಚ್ಚಿಟ್ಟ ಸ್ವೆಟರಿನ ಉಲ್ಲನ್ನಿನಂತೆ ಡೊಂಕುಡೊಂಕಾಗಿರುತ್ತವೆ. ಎಳೆಯಲು ಶುರುಮಾಡಿದಾಗ ಡೊಂಕು ನೆಟ್ಟಗಾಗುತ್ತದೆ ಅಷ್ಟೆ. ಅದಕ್ಕೆ ಬಲ ಬೇಡ. ಎಲ್ಲ ನೆಟ್ಟಗಾದ ಮೇಲೆ ನಾರನ್ನೇ ಹಿಗ್ಗಿಸಬೇಕು, ಅದು ಹಗ್ಗದಷ್ಟು ಹಟಮಾರಿ. ನಡುವೆ ಎಲಾಸ್ಟಿನ್ ಎಂಬ ಇನ್ನೊಂದು ನಾರು ಇದೆ; ಬಿಟ್ಟಾಗ ಎಲ್ಲವನ್ನೂ ಹಳೆಯ ಡೊಂಕಿಗೆ ವಾಪಸು ತರುವುದು ಅದರ ಕೆಲಸ.

ಸೂಜಿಗೆ ಇದರಿಂದ ಏನು? ಸಡಿಲ ಚರ್ಮಕ್ಕೆ ಸೂಜಿ ತಾಗಿದರೆ ಚರ್ಮ ತಗ್ಗಿ, ಜೋಲಾಡಿ, ಸೂಜಿಯ ಜೊತೆಗೇ ಹೋಗುತ್ತದೆ. ಒಂದು ಏಟು ಒಳಹೋದರೆ ಇನ್ನೊಂದು ಜಾರುತ್ತದೆ, ಗೆರೆ ನಡುಗುತ್ತದೆ. ಬಿಗಿಹಿಡಿದ ಚರ್ಮ ಹದ ಮಾಡಿದ ತಬಲಾದ ಹಾಗೆ. ಎಲ್ಲಿ ಹೊಡೆದರೂ ಒಂದೇ ಉತ್ತರ. ಆದ್ದರಿಂದ ಹಚ್ಚೆಯವರ ಬಲಗೈ ಬರೆಯುತ್ತಿರುವಾಗ ಎಡಗೈ ಪೂರ್ತಿ ಹೊತ್ತು ಚರ್ಮವನ್ನು ಅಗಲಿಸಿ ಹಿಡಿದಿರುತ್ತದೆ. ಎಷ್ಟು ಎಳೆದರೆ ಡೊಂಕು ಮುಗಿದು ಬಿಗಿ ಶುರುವಾಗುತ್ತದೆಂದು ಬೆರಳಿಗೇ ತಿಳಿಯಬೇಕು. ಮೇಜಿಗೆ ಅಂಟಿಸಿದ ಹಾಳೆ ಮಾತ್ರ ತಾನಾಗಿಯೇ ಬಿಗಿಯಾಗಿರುತ್ತದೆ. ಅದರ ಮೇಲೆ ಕಲಿತವಳ ಬಲಗೈ ಪಂಡಿತ, ಎಡಗೈ ಪಾಮರ.

ಚರ್ಮಕ್ಕೆ ದಿಕ್ಕೂ ಇದೆ. ವಿಯೆನ್ನಾದ ಅಂಗರಚನಾ ವಿಜ್ಞಾನಿ ಕಾರ್ಲ್ ಲಾಂಗರ್ ಶವಗಳ ಮೈಗೆಲ್ಲ ದುಂಡು ಮೊನೆಯ ದಬ್ಬಳದಂಥ ಸಲಕರಣೆಯಿಂದ ಚುಚ್ಚಿ ನೋಡಿದ. ಮೊನೆ ದುಂಡಗಿದ್ದರೂ ತೂತುಗಳು ದುಂಡಗೆ ಉಳಿಯಲಿಲ್ಲ, ಗುಂಡಿಕಾಜಿನಂತೆ ಉದ್ದಕ್ಕೆ ಸೀಳಿಕೊಂಡವು. ಪಕ್ಕಪಕ್ಕದ ಸೀಳುಗಳನ್ನು ಉದ್ದಕ್ಕೆ ಜೋಡಿಸುತ್ತ ಹೋದಾಗ ಮೈತುಂಬ ಗೆರೆಗಳ ನಕ್ಷೆ ಮೂಡಿತು. 1861ರಲ್ಲಿ ಆತ ಪ್ರಕಟಿಸಿದ ಆ ಗೆರೆಗಳಿಗೆ ಇಂದಿಗೂ ಅವನದೇ ಹೆಸರು. ಗಾಯದ ಕಲೆ ಸಣ್ಣದಾಗಿರಲೆಂದು ಶಸ್ತ್ರವೈದ್ಯರು ಈ ಗೆರೆಗಳ ಜಾಡಿನಲ್ಲೇ ಕೊಯ್ಯಲು ನೋಡುತ್ತಾರೆ. ಕೊಲಾಜನ್ ಕಟ್ಟುಗಳು ಹೆಚ್ಚಾಗಿ ಒಂದೇ ದಿಕ್ಕಿಗೆ ಮಲಗಿರುವುದು ಇದಕ್ಕೆ ಕಾರಣ. ಸಿಲಿಕೋನಿನ ಸರಗಳು ಶಾವಿಗೆಯ ಹಾಗೆ ಹೇಗೆಂದರೆ ಹಾಗೆ ಬಿದ್ದಿರುತ್ತವೆ, ಎಲ್ಲ ದಿಕ್ಕೂ ಅದಕ್ಕೆ ಒಂದೇ. ಹಾಳೆಯ ಮೇಲೆ ಬರೆದ ವೃತ್ತ ಎಂದೆಂದಿಗೂ ವೃತ್ತ. ಒಳತೋಳಿನ ಮೇಲೆ ಬರೆದದ್ದು ಕೈ ತಿರುಗಿಸಿದ ಕೂಡಲೇ ಮೊಟ್ಟೆಯಾಗುತ್ತದೆ.

ಹಿಡಿದಿಟ್ಟದ್ದು, ಸಿಕ್ಕಿಕೊಂಡದ್ದು

ಹಾಳೆಯಲ್ಲಿ ಬಣ್ಣ ಉಳಿಯುವುದು ಸರಳ ಸಂಗತಿ. ತೂತು ಬೀಳುತ್ತದೆ, ಬಣ್ಣ ಸೇರುತ್ತದೆ, ರಬ್ಬರು ಮುಚ್ಚಿಕೊಳ್ಳುತ್ತದೆ. ಬಣ್ಣ ಅಲ್ಲಿ ಸಿಕ್ಕಿಕೊಂಡಿದೆ. ಮೇಲ್ಮೈಗೆ ಮೆತ್ತಿದ್ದನ್ನು ಒರೆಸುವುದೇ ಅಲ್ಲಿನ ಕಷ್ಟ. ಅದಕ್ಕೇ ಕಲಿಯುವವರು ಮೊದಲೇ ತೆಳ್ಳಗೆ ವ್ಯಾಸಲೀನ್ ಸವರಿಕೊಳ್ಳುತ್ತಾರೆ.

ಜೀವಂತ ಚರ್ಮದಲ್ಲಿ ಬಣ್ಣ ಬಿದ್ದ ಕ್ಷಣದಿಂದಲೇ ಗಲಾಟೆ. ರಕ್ತದ ಹನಿ, ತಿಳಿನೀರು, ಊತ. ಪರಕೀಯ ಕಣ ಬಂದಿದೆಯೆಂದು ಮ್ಯಾಕ್ರೋಫೇಜ್ ಎಂಬ ಭಕ್ಷಕ ಕೋಶಗಳು ಓಡಿಬಂದು ಬಣ್ಣವನ್ನು ನುಂಗುತ್ತವೆ. ನುಂಗಿದ್ದನ್ನು ಅರಗಿಸಲಾರವು. ಅವೂ ಅಮರವಲ್ಲ. ಹಾಗಿದ್ದರೆ ಹಚ್ಚೆ ಎಪ್ಪತ್ತು ವರ್ಷ ಉಳಿಯುವುದು ಹೇಗೆ? ಫ್ರಾನ್ಸಿನ ಮಾರ್ಸೆಯಲ್ಲಿ ವಿಜ್ಞಾನಿಗಳು ಇಲಿಗಳ ಬಾಲಕ್ಕೆ ಹಸಿರು ಹಚ್ಚೆ ಹಾಕಿ, ಬಣ್ಣ ನುಂಗಿದ ಕೋಶಗಳನ್ನು ಬೇಕೆಂದೇ ಕೊಂದು ನೋಡಿದರು. ಹಚ್ಚೆ ಹಾಗೆಯೇ ಇತ್ತು. ಸತ್ತ ಕೋಶ ಉಗುಳಿದ ಬಣ್ಣವನ್ನು ಅದೇ ಜಾಗಕ್ಕೆ ಬಂದ ಹೊಸ ಕೋಶಗಳು ಮತ್ತೆ ನುಂಗಿದ್ದವು. 2018ರಲ್ಲಿ ಪ್ರಕಟವಾದ ಈ ಕೆಲಸ ಹಚ್ಚೆಯ ಬಗ್ಗೆ ನನ್ನ ಕಲ್ಪನೆಯನ್ನೇ ತಿದ್ದಿತು. ಹಚ್ಚೆ ಒಮ್ಮೆ ಬರೆದಿಟ್ಟ ಬರಹವಲ್ಲ. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುತ್ತಿರುವ ದೀವಟಿಗೆ.

ಬಣ್ಣ ಕಾಣುವ ಬಗೆಯೂ ಬೇರೆ. ಗಾಯ ಮಾದ ಮೇಲೆ ಹೊಸ ಹೊರಚರ್ಮ ಬಣ್ಣದ ಮೇಲೆ ಮುಚ್ಚಳವಾಗುತ್ತದೆ. ಆ ಹೊರಚರ್ಮದಲ್ಲಿ ಮೆಲನಿನ್ ಇದೆ. ಅಂದರೆ ಮೈಬಣ್ಣ ಮೇಲೆ, ಹಚ್ಚೆಯ ಬಣ್ಣ ಕೆಳಗೆ. ನಮ್ಮಂಥ ಕಂದು ಮೈಯವರ ಹಚ್ಚೆಯನ್ನು ನೋಡುವುದೆಂದರೆ ತಿಳಿ ಟೀ ತುಂಬಿದ ಗಾಜಿನ ಲೋಟದ ಮೂಲಕ ಹಿಂದಿನ ಚಿತ್ರ ನೋಡಿದಂತೆ. ಹಳದಿ, ತಿಳಿಗುಲಾಬಿಗಳು ಆ ಟೀಯಲ್ಲೇ ಕರಗಿಹೋಗುತ್ತವೆ. ಗುಲಾಬಿ ಹಾಳೆಯ ಮೇಲೆ ಮುದ್ದಾಗಿ ಕಂಡ ತುಟಿಬಣ್ಣ ಮಂಡ್ಯದ ಹುಡುಗಿಯ ತುಟಿಯಲ್ಲಿ ಹಾಗೆ ಕಾಣದು. ಕಂದು ಹಾಳೆಗಳೂ ಸಿಗುತ್ತವೆ. ಆದರೆ ಅವುಗಳಲ್ಲಿ ಕಂದು ಬಣ್ಣ ಇಡೀ ರಬ್ಬರಿಗೆ ಬೆರೆತಿರುತ್ತದೆ, ಮುಚ್ಚಳವಾಗಿ ಮೇಲೆ ಕೂತಿರುವುದಿಲ್ಲ.

ಮಾತು ಇಲ್ಲಿಗೆ ಬಂದಾಗ ಹಜಾರದಲ್ಲಿ ಹೂ ಕಟ್ಟುತ್ತಿದ್ದ ಅಮ್ಮ ತನ್ನ ಮುಂಗೈ ಚಾಚಿದಳು. ಹತ್ತು ವರ್ಷದವಳಿದ್ದಾಗ ಊರಿಗೆ ಬಂದ ಕೊರವರ ಹೆಂಗಸು ದೀಪದ ಕಪ್ಪಿಗೆ ಸೊಪ್ಪಿನ ರಸ ಕಲಸಿ, ಸೂಜಿಗಳನ್ನು ಜೋಡಿಸಿ ಕಟ್ಟಿ ಹಾಕಿದ ಹಚ್ಚೆ. ರಂಗೋಲಿಯಂಥ ಚುಕ್ಕಿಗಳ ತೇರು.

"ಹಾಕಿದಾಗ ಕರ್ರಗಿತ್ತು ಕಣೋ. ಆಮೇಲೆ ಹಸಿರಾಯ್ತು," ಎಂದಳು.

ಕಾಡಿಗೆ ಹಸಿರಾಗಿಲ್ಲ; ಇಂಗಾಲ ಇಂದಿಗೂ ಕಪ್ಪೇ. ಬೆಳಕಿನಲ್ಲಿ ಕೆಂಪು ಚರ್ಮದೊಳಗೆ ಆಳಕ್ಕೆ ಇಳಿಯುತ್ತದೆ, ಇಳಿದದ್ದನ್ನು ಇಂಗಾಲ ನುಂಗಿಬಿಡುತ್ತದೆ. ನೀಲಿ ಅಷ್ಟು ಆಳಕ್ಕೆ ಹೋಗದೆ ದಾರಿಯಲ್ಲೇ ಚದರಿ ಕಣ್ಣಿಗೆ ವಾಪಸು ಬರುತ್ತದೆ. ಅದಕ್ಕೆ ಮೈಯ ಕಂದು ಹಳದಿ ಬೆರೆತಾಗ ನಮ್ಮೂರ ಅಜ್ಜಿಯರ ಕೈಯ ಆ ಪಾಚಿ ಹಸಿರು. ಅದೇ ಕಾರಣಕ್ಕೆ ಹುಬ್ಬಿಗೆ ಬರೀ ಇಂಗಾಲದ ಕಪ್ಪು ತುಂಬಿದರೆ ಕೆಲವು ವರ್ಷದಲ್ಲಿ ಬೂದುನೀಲಿಗೆ ತಿರುಗುತ್ತದೆ. ಕೆಮ್ಮಣ್ಣಿನ ಬಂಧುಗಳಾದ ಕಬ್ಬಿಣದ ಆಕ್ಸೈಡುಗಳನ್ನು ಬೆರೆಸಿ ಬೆಚ್ಚಗಿನ ಕಂದು ಮಾಡುತ್ತಾರೆ. ಅಳತೆ ತಪ್ಪಿದರೆ ಅದು ಇಟ್ಟಿಗೆ ಬಣ್ಣಕ್ಕೆ ವಾಲುತ್ತದೆ. ಹಾಳೆಯ ಮೇಲೆ ಈ ಯಾವ ನಾಟಕವೂ ಇಲ್ಲ. ಅಲ್ಲಿ ಕಪ್ಪು ಕಪ್ಪಾಗಿಯೇ ಇರುತ್ತದೆ.

ಆರು ವಾರ ತಡವಾದ ಉತ್ತರ

ಇಷ್ಟೆಲ್ಲ ಕೊರತೆಯಿರುವ ಹಾಳೆ ಮತ್ತೆ ಯಾಕೆ ಬೇಕು? ಕೇರಂ ಆಡುವವನಿಗೆ ಹೊಡೆದ ಕ್ಷಣವೇ ಕಾಯಿ ಎಲ್ಲಿ ಹೋಯಿತೆಂದು ಕಾಣುತ್ತದೆ. ಮುಂದಿನ ಹೊಡೆತದಲ್ಲಿ ಬೆರಳು ತಾನೇ ತಿದ್ದಿಕೊಳ್ಳುತ್ತದೆ. ಈ ದಿನ ಹೊಡೆದ ಕಾಯಿ ಎಲ್ಲಿ ಬಿತ್ತೆಂದು ಆರು ವಾರದ ಮೇಲೆ ತಿಳಿಯುವ ಹಾಗಿದ್ದರೆ ಕೇರಂ ಯಾರು ಕಲಿತಾರು? ಹುಬ್ಬಿನ ಸೂಜಿಯ ಪಾಡು ಅದೇ. ಹಾಕಿದ ದಿನ ಗೆರೆಗಳೆಲ್ಲ ಕಡುವಾಗಿ, ಚೂಪಾಗಿ ಕಾಣುತ್ತವೆ. ವಾರದೊಳಗೆ ಹೊಟ್ಟು ಏಳುತ್ತದೆ. ಹೊಟ್ಟಿನ ಜೊತೆ ಬಣ್ಣವೂ ಹೋದಂತೆ ತೋರಿ, ಆಮೇಲೆ ನಿಧಾನವಾಗಿ ಮರಳಿ ಮೂಡುತ್ತದೆ. ನಾಲ್ಕರಿಂದ ಆರು ವಾರ ಕಳೆದ ಮೇಲೆಯೇ ನಿಜವಾದ ಹುಬ್ಬು ಎದ್ದು ಬರುವುದು. ಮೇಲೆಮೇಲೆ ಹಾಕಿದ್ದು ಆಗ ಇರುವುದಿಲ್ಲ, ಆಳಕ್ಕೆ ಹೋದದ್ದು ನೀಲಿಯಾಗಿರುತ್ತದೆ. ಅಷ್ಟು ಹೊತ್ತಿಗೆ ಕೈಗೆ ತಾನು ಅಂದು ಮಾಡಿದ್ದೇನೆಂಬ ನೆನಪೇ ಉಳಿದಿರುವುದಿಲ್ಲ.

ಹಾಳೆ ಈ ಆರು ವಾರವನ್ನು ಒಂದು ನಿಮಿಷಕ್ಕೆ ಇಳಿಸುತ್ತದೆ. ಮಗುಚಿದರೆ ತಪ್ಪು ಕಂಡಿತು, ಕೊಯ್ದರೆ ಇನ್ನೂ ಕಂಡಿತು. ಅದು ತಪ್ಪನ್ನು ಕ್ಷಮಿಸುವುದಿಲ್ಲ, ಮುಚ್ಚುವುದೂ ಇಲ್ಲ. ಕೈಗವಸು ಹಾಕುವುದು, ಬಳಸಿದ ಸೂಜಿಯನ್ನು ನೇರ ಡಬ್ಬಿಗೆ ಎಸೆಯುವುದು ಮುಂತಾದ ಅಭ್ಯಾಸಗಳನ್ನೂ ಯಾರಿಗೂ ಸೋಂಕು ತಗುಲಿಸದೆ ಅದರ ಮುಂದೆಯೇ ಕಲಿಯಬಹುದು. ಆದರೆ ಹಾಳೆ ಕೊಡುವುದು ಪ್ರಶ್ನೆಯ ಅರ್ಧಕ್ಕೆ ಉತ್ತರ: ಕೈ ಏನು ಮಾಡಿತು ಎಂಬುದಕ್ಕೆ. ಮೈ ಏನು ಮಾಡುತ್ತದೆ ಎಂಬ ಇನ್ನರ್ಧ ಅದಕ್ಕೆ ಗೊತ್ತಿಲ್ಲ. ಎರಡು ಮೂರು ದಿನದ ಕೋರ್ಸು ಮುಗಿಸಿ, ಅಂದವಾದ ಹಾಳೆಯೊಂದರ ಫೋಟೊ ತೋರಿಸಿ ಅಂಗಡಿ ತೆರೆಯುವವರ ಮುಂದೆ ಕಣ್ಣು ಮುಚ್ಚಿ ಮಲಗುವ ಮೊದಲು, ಆರು ವಾರ ಕಳೆದ ಹುಬ್ಬಿನ ಫೋಟೊ ಇದೆಯೇ ಎಂದು ಕೇಳಿ.

ಹೊರಡುವ ಹೊತ್ತಿಗೆ ತಂಗಿಯ ಮಗಳು ಸೂಜಿ ಕೆಳಗಿಟ್ಟು ಅಜ್ಜಿಯ ಪಕ್ಕ ಹೋಗಿ ಕೂತಿದ್ದಳು. ಮುಂಗೈಯ ಹಚ್ಚೆಯ ಎರಡು ಬದಿಗೆ ಎಡಗೈಯ ಹೆಬ್ಬೆರಳು, ತೋರುಬೆರಳು ಇಟ್ಟು ಮೆಲ್ಲಗೆ ಅಗಲಿಸಿದಳು. ಎಂಬತ್ತು ದಾಟಿದ ಚರ್ಮ. ಎಲಾಸ್ಟಿನ್ ಸವೆದು ಹೋಗಿದೆ. ಬಿಗಿ ಬರುವ ಮೊದಲು ಬೆರಳು ಬಹಳ ದೂರ ಹೋಗಬೇಕಾಯಿತು. ಸುಕ್ಕಿನಲ್ಲಿ ಕಲೆಸಿಹೋಗಿದ್ದ ಚುಕ್ಕಿಗಳು ಒಂದೊಂದಾಗಿ ಬಿಡಿಬಿಡಿಯಾದವು. ತೇರಿನ ಕಳಸ ಕಂಡಿತು. ಬೆರಳು ತೆಗೆದ ಮೇಲೂ ಚರ್ಮ ಅವಸರ ಮಾಡಲಿಲ್ಲ. ನಿಧಾನವಾಗಿ ಮಡಚಿಕೊಂಡು ತೇರನ್ನು ಒಳಕ್ಕೆ ಎಳೆದುಕೊಂಡಿತು. ಆಕೆ ಮತ್ತೆ ಅಗಲಿಸಿದಳು, ಮತ್ತೆ ಬಿಟ್ಟಳು. ಐದಾರು ಸಲ.

"ಸಾಕು ಬಿಡೇ. ನಾನೇನು ನಿನ್ನ ರಬ್ಬರ್ ಹಾಳೆಯೇನೇ?" ಎಂದು ಅಮ್ಮ ಕೈ ಎಳೆದುಕೊಂಡಳು.

"ಅಲ್ಲ ಅಜ್ಜಿ, ಅದಕ್ಕೇ," ಎಂದು ಆಕೆ ಮತ್ತೆ ಕೈ ಚಾಚಿದಳು. ಎಡಗೈ.